ಪಡುವಣಕ್ಕೆ ಕಟ್ಟಿದ ಮನೆ, ಮೂಡಣದ ಮಳೆ

ಕೊಡಗಿನ ಮನೆಗೆ ಮಳೆ ಹೊಸದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದಿಂದ ಬೀಸುವ ಮಳೆಗೆ ಸೂರು ತಗ್ಗಿಸಿ, ಆ ಕಡೆಯ ಗೋಡೆಗೆ ತಟ್ಟಿಯೋ ಶೀಟೋ ಕಟ್ಟಿ, ಸೌದೆ ಒಳಗೆ ಹಾಕಿ ಕೂರುವುದು ಎಲ್ಲರಿಗೂ ಗೊತ್ತು. ಕಾಟ ಕೊಡುವುದು ಸೈಕ್ಲೋನ್ ಮಳೆ. ಕಣದಲ್ಲಿ ಕಾಫಿ ಹರಡಿರುವಾಗ, ಗದ್ದೆಯಲ್ಲಿ ಭತ್ತ ಕೊಯ್ದು ಮಲಗಿಸಿರುವಾಗ, ಶೀಟು ಬಿಚ್ಚಿ ಮಡಿಸಿಟ್ಟ ಮೇಲೆ ಅದು ಬರುತ್ತದೆ. ಸಾಲದ್ದಕ್ಕೆ ಬಹಳ ಸಲ ಬೀಸುವುದೂ ಮೂಡಣದ ಕಡೆಯಿಂದ. ಐನ್‌ಮನೆಗಳ, ಅಂದರೆ ಕೊಡವರ ಹಿರಿಯರ ಕುಟುಂಬದ ಮನೆಗಳ, ಮುಖ ಹೆಚ್ಚಾಗಿ ಮೂಡಣಕ್ಕೇ. ಬಾಗಿಲು, ಜಗಲಿ, ಮೆಟ್ಟಿಲು ಎಲ್ಲ ಎರಚಲಿಗೆ ತೆರೆದೇ ಇರುತ್ತವೆ.

ಚಂಡಮಾರುತಕ್ಕೆ ಏಪ್ರಿಲ್‌ನಿಂದ ಜೂನ್ ಒಂದು ಕಾಲ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಲಕ್ಷದ್ವೀಪ, ಮಾಲ್ದೀವ್ಸ್ ಸುತ್ತಿನ ಕಡಲಿನಲ್ಲಿ ಎದ್ದದ್ದಾಗಲಿ, ಅಂಡಮಾನಿನ ಕಡೆಯಿಂದ ಬಂಗಾಳ ಕೊಲ್ಲಿ ದಾಟಿ ಬಂದದ್ದಾಗಲಿ, ಚಂಡಮಾರುತದ ನಡು ನಮ್ಮ ಬೆಟ್ಟಕ್ಕೆ ಬರುವುದಿಲ್ಲ, ಅದರ ಸೆರಗು ಬರುತ್ತದೆ. 2021ರ ಮೇ ತಿಂಗಳ ತೌಕ್ತೆ ಲಕ್ಷದ್ವೀಪದ ಹತ್ತಿರ ಹುಟ್ಟಿ ನಮ್ಮ ಕರಾವಳಿಯ ಉದ್ದಕ್ಕೂ ಗುಜರಾತಿಗೆ ಹೋಯಿತು. 2024ರ ನವೆಂಬರ್ ಕೊನೆಗೆ ಫೆಂಗಲ್ ಪುದುಚೇರಿ ಬಳಿ ನೆಲ ಮುಟ್ಟಿ, ಬಲ ಕಳೆದುಕೊಂಡ ಮೇಲೂ ಮಳೆ ಹೊತ್ತು ಪಡುವಣಕ್ಕೆ ಸಾಗಿತು. ಎರಡರ ದಾರಿ ಬೇರೆ, ಆದ್ದರಿಂದ ಮನೆಯ ಯಾವ ಮಗ್ಗುಲಿಗೆ ಹೊಡೆಯುತ್ತದೆ ಅನ್ನುವುದೂ ಬೇರೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಚಂಡಮಾರುತದ ನಡು ನಿಮ್ಮ ಎಡಗೈ ಕಡೆ ಇರುತ್ತದೆ. ಅದು ಲಕ್ಷದ್ವೀಪದ ಮೇಲಿದ್ದರೆ ನಮಗೆ ಗಾಳಿ ಆಗ್ನೇಯದಿಂದ, ಮಂಗಳೂರಿನ ನೇರಕ್ಕೆ ಬಂದಾಗ ತೆಂಕಣದಿಂದ, ಇನ್ನೂ ಮೇಲೆ ಹೋದಾಗ ಮಾಮೂಲಿನ ನೈರುತ್ಯದಿಂದ. ತಮಿಳುನಾಡಿನ ಕಡಲಿನಲ್ಲಿದ್ದರೆ ಈಶಾನ್ಯದಿಂದ, ಬಡಗಣದಿಂದ. ಅಂಗಳದ ಎಲೆ ಅಲುಗುವುದನ್ನು ನೋಡಿ ತೀರ್ಮಾನಿಸಬೇಡಿ, ಕಣಿವೆಯಲ್ಲಿ ಗಾಳಿ ತಿರುಚಿಕೊಳ್ಳುತ್ತದೆ. ತಗ್ಗಿನ ಮೋಡ ಯಾವ ಕಡೆಯಿಂದ ಓಡಿ ಬರುತ್ತಿದೆ ನೋಡಿ. ಶೀಟು, ತಟ್ಟಿ ಎತ್ತಿ ಆ ಮಗ್ಗುಲಿಗೆ ಕಟ್ಟಿ.

ಎಚ್ಚರಿಕೆಯ ಬಣ್ಣಗಳನ್ನು ನಮ್ಮ ಇಂಚು, ಸೆಂಟಿಗೆ ಇಳಿಸಿಕೊಂಡರೆ ಅರ್ಥವಾಗುವುದು ಸುಲಭ. ಹವಾಮಾನ ಇಲಾಖೆಯ ಹಳದಿ ಎಂದರೆ ದಿನಕ್ಕೆ 64.5 ಮಿಲಿಮೀಟರ್‌ನಿಂದ, ಅಂದರೆ ಎರಡೂವರೆ ಇಂಚಿನಿಂದ ಶುರು. ಕಿತ್ತಳೆ ನಾಲ್ಕೂವರೆ ಇಂಚು ದಾಟಿದ್ದು. ಕೆಂಪು ಎಂಟು ಇಂಚು ದಾಟಿದ್ದು, 204.4 ಮಿಲಿಮೀಟರ್‌ಗಿಂತ ಹೆಚ್ಚು. ಭಾಗಮಂಡಲದವರು ನಡುಮಳೆಗಾಲದ ಕಕ್ಕಡ ತಿಂಗಳಲ್ಲಿ ಎರಡೂವರೆ ಇಂಚಿಗೆ ಕೊಡೆಯನ್ನೂ ಬಿಚ್ಚುವುದಿಲ್ಲ. ಡಿಸೆಂಬರಿನ ಕಣದ ಮೇಲೆ ಐವತ್ತು ಸೆಂಟು, ಅಂದರೆ ಅರ್ಧ ಇಂಚು, ಬಿದ್ದರೂ ವರ್ಷದ ದುಡಿಮೆ ಮುಗ್ಗುತ್ತದೆ. ಬಣ್ಣ ನೋಡುವ ಮೊದಲು ಕ್ಯಾಲೆಂಡರ್ ನೋಡಿ. ಮನೆಯ ಮಳೆಮಾಪಕವನ್ನು ದಿನಾ ಬೆಳಗ್ಗೆ 8.30ಕ್ಕೇ ಅಳೆದು ಚೆಲ್ಲಿದರೆ ಇಲಾಖೆಯ ಲೆಕ್ಕಕ್ಕೆ ತಾಳೆಯಾಗುತ್ತದೆ.

ಈಗ ಒಂದು ವರ್ಷವನ್ನು ಊಹಿಸಿಕೊಳ್ಳಿ: ಮೇ ನಡುವಿನಲ್ಲಿ ಒಂದು ಚಂಡಮಾರುತ, ಅಕ್ಟೋಬರ್ ಕೊನೆಗೆ ಇನ್ನೊಂದು, ಸುಗ್ಗಿಹಬ್ಬ ಪುತ್ತರಿ ಮುಗಿದು ವಾರಕ್ಕೆ ಮೂರನೆಯದು. ಮೂರಕ್ಕೂ ಒಂದೇ ತಯಾರಿ ಸಾಲದು.

ಮೇ ತಿಂಗಳದ್ದು ಮಾಡಿನ ಕೆಲಸ ಅರ್ಧದಲ್ಲಿರುವಾಗ ಹಿಡಿಯುತ್ತದೆ. ಜೂನ್‌ವರೆಗೆ ಸಮಯವಿದೆ ಎಂದು ಮಾಡಿನ ಒಂದು ಮಗ್ಗುಲಿನ ಹಂಚನ್ನೆಲ್ಲ ಇಳಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಸಂಜೆಯೊಳಗೆ ಮತ್ತೆ ಹೊದಿಸಿ ಮುಗಿಸುವಷ್ಟೇ ಹಂಚು ತೆಗೆಯಿರಿ. ಮೇಲೆ ಹತ್ತಿದಾಗ ರೀಪು ಇರುವಲ್ಲಿ ಕಾಲಿಡಿ, ಹಂಚಿನ ನಡುವೆ ತುಳಿದರೆ ಸಣ್ಣ ಸೀಳು ಬಿದ್ದು ಮಳೆ ಬಂದಾಗಲೇ ಗೊತ್ತಾಗುತ್ತದೆ. ಗಾಳಿ ಹಂಚನ್ನು ಮೇಲಿನಿಂದ ತಳ್ಳುವುದಿಲ್ಲ, ಸೂರಿನ ಕೆಳಗೆ ನುಗ್ಗಿ ಎತ್ತುತ್ತದೆ. ಹಾಗಾಗಿ ಸೂರಂಚಿನ ಎರಡು ಸಾಲನ್ನಾದರೂ, ಹಂಚಿನ ಹಿಂಬದಿಯ ತೂತಿಗೆ ಜಿಐ ತಂತಿ ಪೋಣಿಸಿ ರೀಪಿಗೆ ಬಿಗಿಯಿರಿ. ಶೀಟಿನ ಮಾಡಾದರೆ ಸ್ಕ್ರೂ ಉಬ್ಬಿನ ಮೇಲೆ ಬೀಳಬೇಕು, ತಗ್ಗಿನಲ್ಲಿ ಹಾಕಿದರೆ ನೀರು ಅದರ ದಾರಿಯಲ್ಲೇ ಇಳಿಯುತ್ತದೆ. ನಡುವೆ ಉಬ್ಬು ಬಿಟ್ಟು ಉಬ್ಬಿಗೆ ಹಾಕಿದರೂ ನಡೆದೀತು, ಅಂಚಿನಲ್ಲಿ ಮತ್ತು ಮಾಡಿನ ನೆತ್ತಿಯಲ್ಲಿ ಪ್ರತಿ ಉಬ್ಬಿಗೂ ಬೇಕು. ಗಾಳಿಯ ಎಳೆತ ಜಾಸ್ತಿ ಇರುವುದು ಅಲ್ಲೇ. ಬಿಸಿಲಿಗೆ ಬಿರಿದ ರಬ್ಬರ್ ವಾಷರ್ ಬದಲಿಸಿ. ಸೂರಿನ ನೀರು ಹರಿಯುವ ದಂಬೆಯೊಳಗಿನ ಎಲೆ ತೆಗೆಯುವುದು ಹೇಳಬೇಕಾದ ಮಾತಲ್ಲ, ಆದರೂ ಮರೆಯುವುದು ಅದನ್ನೇ.

ಮನೆಗೆ, ತಂತಿಗೆ ಬಾಗಿದ ಕೊಂಬೆಗಳನ್ನು ಮರ ಕಪಾತಿನ ಹೊತ್ತಿಗೇ ಇಳಿಸಿ. ಹಾಲುವಾಣದ ಕೊಂಬೆ ಎಳೆ ಗಾಳಿಗೂ ಮುರಿಯುತ್ತದೆ; ಸಿಲ್ವರ್ ಓಕ್ ಮೇಲಕ್ಕೆ ಬೆಳೆದು ನೆತ್ತಿಯಲ್ಲಿ ಒಡೆಯುತ್ತದೆ. ಕರೆಂಟ್ ತಂತಿ ಹತ್ತಿರವಿರುವ ಮರಕ್ಕೆ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಬಿದಿರಿನ ಏಣಿಯಾದರೂ ಲೈನ್ ಆಫ್ ಮಾಡಿಸಿದ ಮೇಲೆಯೇ ಹತ್ತಿಸಿ.

ಅಕ್ಟೋಬರಿನದಕ್ಕೆ ಹೆದರಬೇಕಾದದ್ದು ಬರೆಗೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆಗೆ. ನಾಲ್ಕು ತಿಂಗಳು ಕುಡಿದ ಮಣ್ಣು ಇನ್ನೂ ಆರಿರುವುದಿಲ್ಲ, ಒರತೆ ಹರಿಯುತ್ತಲೇ ಇರುತ್ತದೆ, ಅದರ ಮೇಲೆ ಮತ್ತೆ ನಾಲ್ಕು ಇಂಚು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಇಳಿದುಬಂದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆ ಹಿಂದಿನ ಬರೆಯ ತಲೆಯಲ್ಲಿ ನೀರು ನಿಲ್ಲಬಾರದು. ನೀರು ಇಂಗಿಸಲು ತೋಡುವ, ತೋಟಕ್ಕೆ ಒಳ್ಳೆಯದಾದ ತೊಟ್ಟಿಲು ಗುಂಡಿ ಬರೆಯ ನೆತ್ತಿಯಲ್ಲಿದ್ದರೆ ಕೆಟ್ಟದ್ದು, ಮುಚ್ಚಿಬಿಡಿ. ಟ್ಯಾಂಕಿನ ಓವರ್‌ಫ್ಲೋ ಪೈಪು ಬರೆಯ ಮೇಲೆ ಸುರಿಯುತ್ತಿದೆಯೇ ನೋಡಿ, ಅನೇಕರ ಮನೆಯಲ್ಲಿ ಸುರಿಯುತ್ತಿರುತ್ತದೆ. ಬರೆಯ ಅಂಚಿಗಿಂತ ಹಿಂದೆಯೇ ಒಂದು ಚರಂಡಿ ತೋಡಿ, ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ಅಂಚಿಗೆ ಸಮನಾಗಿ ನೆಲದಲ್ಲಿ ಬಿರುಕು ಕಂಡರೆ ಜೇಡಿಮಣ್ಣು ಗುದ್ದಿ ತುಂಬಿ, ಮೇಲೆ ಪ್ಲಾಸ್ಟಿಕ್ ಹೊದಿಸಿ. ಅದು ನೀರು ಇಳಿಯದಂತೆ ತಡೆಯಲಿಕ್ಕೆ ಮಾತ್ರ, ಗುಡ್ಡ ಹಿಡಿದು ನಿಲ್ಲಿಸಲಿಕ್ಕಲ್ಲ. ಬಿರುಕು ಅಗಲವಾದರೆ, ತಿಳಿಯಾಗಿದ್ದ ಒರತೆ ಕೆಸರಾದರೆ ಅಥವಾ ಮಳೆಯಲ್ಲೇ ಥಟ್ಟನೆ ನಿಂತರೆ, ನೆಟ್ಟಗಿದ್ದ ಮರ ವಾಲಿದರೆ, ಹಿಂಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ, ಅಡುಗೆ ಒಲೆಯ ಮೇಲಿದ್ದರೂ ಬಿಟ್ಟು ಹೊರಡಿ. 112 ಅಥವಾ ಜಿಲ್ಲೆಯ 1077ಕ್ಕೆ ದಾರಿಯಲ್ಲಿ ಫೋನ್ ಮಾಡಬಹುದು. ಏನೂ ಕಾಣದಿದ್ದರೂ ಆ ಎರಡು ಮೂರು ರಾತ್ರಿ ಬರೆಗೆ ಅಂಟಿದ ಕೋಣೆಯಲ್ಲಿ ಯಾರೂ ಮಲಗುವುದು ಬೇಡ.

ಮೂರನೆಯದು, ಡಿಸೆಂಬರಿನದು, ಜೀವಕ್ಕಿಂತ ಜೇಬಿಗೆ ಹೊಡೆತ. ಅರೇಬಿಕಾ ಕಾಫಿಯ ಕೊಯ್ಲು ನಡೆದಿರುತ್ತದೆ, ರೋಬಸ್ಟಾ ಕೆಂಪಾಗುತ್ತಿರುತ್ತದೆ. ಮುನ್ಸೂಚನೆ ಬಂದೊಡನೆ ಆಳು ಸೇರಿಸಿ ಸಿಕ್ಕಿದ್ದೆಲ್ಲ ಕೊಯ್ಯುವುದು ಅವಸರದ ಬುದ್ಧಿ. ಪೂರ್ತಿ ಹಣ್ಣಾದದ್ದನ್ನು ಮಾತ್ರ, ಅದೂ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಲಿಕ್ಕೆ ಅಥವಾ ಸೂರಿನಡಿ ಹರಡಲಿಕ್ಕೆ ಜಾಗವಿರುವಷ್ಟನ್ನೇ ಕೊಯ್ಯಿರಿ. ಗಿಡದಲ್ಲೇ ಒಡೆದ ಹಣ್ಣು ಒಂದಿಷ್ಟು ಉದುರುತ್ತದೆ, ಉದುರಲಿ. ಚೀಲದಲ್ಲಿ ಕೊಳೆತ ಹಣ್ಣಿನ ನಷ್ಟ ಅದಕ್ಕಿಂತ ದೊಡ್ಡದು.

ಕಣದಲ್ಲಿರುವುದನ್ನು ಮೂರು ಪಾಲು ಮಾಡಿಕೊಳ್ಳಿ. ಎರಡು ಮೂರು ದಿನದ ಹಸಿ ಹಣ್ಣನ್ನು ಯಾವ ಕಾರಣಕ್ಕೂ ರಾಶಿ ಹಾಕಬಾರದು. ರಾಶಿಯೊಳಗೆ ಬಿಸಿ ಏರುತ್ತದೆ, ಹುಳಿ ಬರುತ್ತದೆ, ಬೂಸ್ಟು ಹಿಡಿಯುತ್ತದೆ, ಆ ವಾಸನೆ ಬೇಳೆಗೆ ಇಳಿದು ಕಪ್ಪಿನವರೆಗೂ ಹೋಗುತ್ತದೆ. ಬಿಸಿಲಿನಲ್ಲಿ ಮೂರು ಇಂಚು ದಪ್ಪ ಹರಡುವ ಹಣ್ಣನ್ನು ಸೂರಿನಡಿ ಎರಡೇ ಇಂಚಿಗೆ ತೆಳುಮಾಡಿ, ಮಲಗುವ ಮುಂಚೆ ಒಮ್ಮೆ ಸೇರಿ ದಿನಕ್ಕೆ ಐದಾರು ಸಲ ಎಳೆಯಿರಿ. ಕಾರ್ ಶೆಡ್, ಜಗಲಿ, ಖಾಲಿ ಕೊಟ್ಟಿಗೆ ಯಾವುದಾದರೂ ಸರಿ, ಸೆಗಣಿ ನೆಲ ಮಾತ್ರ ಬೇಡ. ಅರ್ಧ ಒಣಗಿದ್ದಕ್ಕೂ ಇದೇ ಉಪಚಾರ, ದಪ್ಪ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನುವುದನ್ನು ಗೋಣಿಗೆ ತುಂಬಿ, ನೆಲದಿಂದ ಅರ್ಧ ಅಡಿ ಮೇಲಿನ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಅದು ಕಣದಲ್ಲೇ ಉಳಿಯಬೇಕಾದರೆ ಕಣದ ಎತ್ತರದ ತುದಿಯಲ್ಲಿ ರಾಶಿ ಮಾಡಿ, ಮೊದಲು ಗೋಣಿ, ಅದರ ಮೇಲೆ ಟಾರ್ಪಾಲು ಹೊದಿಸಿ. ಟಾರ್ಪಾಲು ಸುತ್ತಲೂ ಮೂರಡಿ ಹೆಚ್ಚಿಗೆ ಇರಬೇಕು, ಅಂಚಿಗೆ ಬಿದಿರು ಮಲಗಿಸಿ ಮೇಲೆ ಕಲ್ಲು ಹೇರಬೇಕು. ಬರೀ ಕಲ್ಲಿಟ್ಟರೆ ಎರಡು ಕಲ್ಲಿನ ನಡುವೆ ಗಾಳಿ ಹೊಕ್ಕು ಎತ್ತುತ್ತದೆ. ಗೋಣಿ ಏಕೆಂದರೆ ಟಾರ್ಪಾಲಿನ ಒಳಮೈ ಬೆವರುತ್ತದೆ, ಆ ಹನಿ ನೇರ ಕಾಫಿಗೆ ಬೀಳಬಾರದು. ಮಳೆ ಅರ್ಧ ಗಂಟೆ ಬಿಟ್ಟರೂ ತೆರೆದು ಗಾಳಿಯಾಡಿಸಿ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಬೆಚ್ಚಗಿದ್ದರೆ ಆಗಲೇ ತಡವಾಗಿದೆ, ಕೂಡಲೇ ಬಿಚ್ಚಿ ಹರಡಿ. ನೆನೆದ ಒಣಕಾಫಿಯನ್ನು ನೆನೆಯದ್ದಕ್ಕೆ ಸೇರಿಸಬೇಡಿ, ಎರಡು ಚೀಲ ಉಳಿಸಲು ಹೋಗಿ ಇಪ್ಪತ್ತು ಚೀಲದ ದರ ಇಳಿಯುತ್ತದೆ. ಬಿಸಿಲು ಬಂದ ಮೇಲೆ ಸಿಪ್ಪೆಸಹಿತ ಒಣಗಿಸಿದ ಅರೇಬಿಕಾ ಚೆರ್ರಿ 12, ರೋಬಸ್ಟಾ 11 ಶೇಕಡಾ ತೇವಕ್ಕೆ ಇಳಿಯುವ ತನಕ ಚೀಲ ಹೊಲಿಯಬೇಡಿ.

ಗದ್ದೆಯ ಮಾತು ಬೇಗ ಮುಗಿಯುತ್ತದೆ: ಮುನ್ಸೂಚನೆ ಇದ್ದರೆ ಭತ್ತ ಕೊಯ್ಯಬೇಡಿ, ಬದು ಕಡಿದು ನೀರು ಬಸಿಯಿರಿ. ಕೊಯ್ದು ಮಲಗಿಸಿದ್ದು ಎರಡು ಮೂರು ದಿನ ನೆನೆದರೆ ತೆನೆಯಲ್ಲೇ ಮೊಳಕೆ ಬರುತ್ತದೆ.

ಇನ್ನು ಒಳಮನೆ. ನಾಲ್ಕು ಜನಕ್ಕೆ ಮೂರು ದಿನ ಎಂದರೆ ಐದು ಕಿಲೋ ಅಕ್ಕಿ, ಕುಡಿಯುವುದಕ್ಕೇ ಸುಮಾರು 40 ಲೀಟರ್ ನೀರು. ಕಡಂಬುಟ್ಟಿಗೆ (ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆಗೆ) ಬೇಕಾದ ತರಿಯನ್ನು ಬಿಸಿಲಿರುವಾಗಲೇ ಒಡೆಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಮುಚ್ಚಳದಲ್ಲೇ ಬೂಸ್ಟು. ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ಬರುವ ಮನೆಯವರು ಮಳೆಗೆ ಮುಂಚೆ ಟ್ಯಾಂಕ್ ತುಂಬಿಸಿ, ಮೇಲಿನ ವಾಲ್ವ್ ಮುಚ್ಚಿಬಿಡಿ. ಕೆಸರು ಒಳಗೆ ಬಂದರೆ ಟ್ಯಾಂಕ್ ತೊಳೆಯಲಿಕ್ಕೇ ನೀರಿರುವುದಿಲ್ಲ. ಮಬ್ಬು ನೀರನ್ನು ರಾತ್ರಿಯಿಡೀ ತಂಗಲು ಬಿಟ್ಟು, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ.

ಕರೆಂಟ್ ಹೋದ ಮೇಲೆ ಫ್ರಿಜ್ ಬಾಗಿಲು ತೆರೆಯುವುದು ಕಡಿಮೆ ಮಾಡಿ, ಹಂದಿಮಾಂಸ ಇದ್ದರೆ ಮೊದಲ ದಿನವೇ ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡಿದ ಕಪ್ಪು ಹುಳಿ) ಹಾಕಿ ಬೇಯಿಸಿಬಿಡಿ. ಕರೆಂಟಿನ ದೂರು ಹೇಳುವುದು 1912ಕ್ಕೆ. ಮೊಬೈಲ್ ಟವರ್ ಸತ್ತರೂ ಮಡಿಕೇರಿ ಆಕಾಶವಾಣಿ ಎಫ್‌ಎಂ 103.1ರಲ್ಲಿ ಸಿಗಬಹುದು, ಸೆಲ್ ಹಾಕುವ ಸಣ್ಣ ರೇಡಿಯೋ ಒಂದು ಇರಲಿ. ಚಳಿಗೆಂದು ಕೆಂಡದ ಬಾಣಲೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಜನರೇಟರ್ ಕೂಡ ಹಾಗೆಯೇ, ಅದರ ಜಾಗ ಹೊರಗೆ, ಕಿಟಕಿಯಿಂದ ದೂರ. ಸೋಲಾರ್ ಬೇಲಿಯ ಮೇಲೆ ಮರ ಬಿದ್ದಿದೆಯೇ ಎಂದು ಬೆಳಕಾದ ಮೇಲೆ ನೋಡಿ ಬನ್ನಿ, ಕತ್ತಲಲ್ಲಿ ಹೋಗುವುದು ಬೇಡ. ಬೇಲಿ ಸತ್ತ ಸುದ್ದಿ ಆನೆಗೆ ನಮಗಿಂತ ಮೊದಲೇ ತಿಳಿದಿರುತ್ತದೆ.

ಮಳೆ ನಿಂತ ಮೇಲೆ ಉದುರಿದ ಹಣ್ಣನ್ನು ಹೆಕ್ಕಿಸಿ, ಕಾಯಿಕೊರಕ ಮರಿ ಮಾಡುವುದು ಅದರಲ್ಲೇ. ಒಂದು ಇಂಚಿನ ಹತ್ತಿರ ಬಿದ್ದಿದ್ದರೆ ಎಂಟು ಹತ್ತು ದಿನಕ್ಕೆ ರೋಬಸ್ಟಾದಲ್ಲಿ ಅಕಾಲದ ಹೂ ಬರಬಹುದು, ಹಣ್ಣಿನ ಪಕ್ಕದಲ್ಲೇ. ಹೂ ಅರಳಿದ ದಿನ ತೋಟಕ್ಕೆ ಆಳು ಇಳಿಸಬೇಡಿ. ಎರಡು ಮೂರು ದಿನ ಬಿಟ್ಟು, ಹೂ ಬಾಡಿದ ಮೇಲೆ ಕೊಯ್ಲು ಮುಂದುವರಿಸಿ, ಅದೂ ಸರಕ್ಕನೆ ಎಳೆಯದೆ ಒಂದೊಂದೇ ಹಣ್ಣು ಬಿಡಿಸಿ.