ಅಮೆರಿಕದಲ್ಲಿ ಸಂಬಳ ಪಡೆಯುತ್ತಲೇ ಬಡಗಿ ಕೆಲಸ ಕಲಿಯುವ ಬಗೆ

ಅಮೆರಿಕದಲ್ಲಿ ಬಡಗಿ ಕೆಲಸವನ್ನು ಶುಲ್ಕ ಕಟ್ಟಿ ಕಲಿಯುವುದಕ್ಕಿಂತ, ಕಾರ್ಮಿಕ ಸಂಘದ ಮೂಲಕ ಅಪ್ರೆಂಟಿಸ್ ಆಗಿ ಸೇರಿ ದುಡಿಯುತ್ತಲೇ ಕಲಿಯುವುದು ಮೇಲೆಂಬುದು ನನ್ನ ಅಭಿಪ್ರಾಯ. 1881ರಲ್ಲಿ ಶಿಕಾಗೋದಲ್ಲಿ ಸ್ಥಾಪನೆಯಾದ ಯುನೈಟೆಡ್ ಬ್ರದರ್‌ಹುಡ್ ಆಫ್ ಕಾರ್ಪೆಂಟರ್ಸ್ ಸಂಘದ ಪ್ರಾದೇಶಿಕ ಮಂಡಳಿಗಳು ಗುತ್ತಿಗೆದಾರರೊಡನೆ ಜಂಟಿಯಾಗಿ ಈ ತರಬೇತಿಯನ್ನು ನಡೆಸುತ್ತವೆ.

ಮೊದಲು ಹತ್ತಿರದ ತರಬೇತಿ ಕೇಂದ್ರದಲ್ಲಿ ಅರ್ಜಿ ಸ್ವೀಕರಿಸುವ ದಿನಗಳನ್ನು ವಿಚಾರಿಸಬೇಕು. ವಯಸ್ಸಿನ ದಾಖಲೆ, ಆ ದೇಶದಲ್ಲಿ ದುಡಿಯಲು ಕಾನೂನಿನ ಅನುಮತಿ, ಕೆಲಸದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ತಲುಪುವ ವ್ಯವಸ್ಥೆ ಇವು ಸಾಮಾನ್ಯವಾಗಿ ಬೇಕಾಗುತ್ತವೆ. ಕೆಲವೆಡೆ ಗಣಿತದ ಪರೀಕ್ಷೆಯೂ ಇರುವುದರಿಂದ ಭಿನ್ನರಾಶಿಗಳನ್ನು ಮತ್ತೆ ಅಭ್ಯಾಸ ಮಾಡಿ, ಟೇಪಿನಲ್ಲಿ ಇಂಚಿನ ಹದಿನಾರನೇ ಒಂದು ಭಾಗವನ್ನೂ ತಡವರಿಸದೆ ಓದುವಷ್ಟು ರೂಢಿ ಮಾಡಿಕೊಳ್ಳಿ. (ಅಡಿ, ಇಂಚುಗಳಲ್ಲೇ ಮಾತಾಡುವ ನಮ್ಮ ಬಡಗಿಗಳಿಗೆ ಇದು ಸಲೀಸು, ಶಾಲೆಯ ಸೆಂಟಿಮೀಟರಿಗೆ ಒಗ್ಗಿದವರೇ ತಡಬಡಾಯಿಸುವುದು.)

ತರಬೇತಿಯ ಅವಧಿ ಸಾಮಾನ್ಯವಾಗಿ 4 ವರ್ಷ. ಪೂರ್ಣ ತರಬೇತಿ ಪಡೆದ ಬಡಗಿಯ ಕೂಲಿಯಲ್ಲಿ ಇಂತಿಷ್ಟು ಪಾಲು ಎಂದು ಶುರುವಾಗುವ ಸಂಬಳವು, ದುಡಿದ ಗಂಟೆಗಳೂ ತರಗತಿಗಳೂ ಪೂರೈಸಿದಂತೆಲ್ಲ ಹಂತಹಂತವಾಗಿ ಏರುತ್ತದೆ. ಆದ್ದರಿಂದ ದುಡಿದ ಗಂಟೆಗಳ ಲೆಕ್ಕವನ್ನು ನೀವೇ ದಿನವೂ ಬರೆದಿಡಿ. ವರ್ಷಕ್ಕೆ ಕನಿಷ್ಠ 144 ಗಂಟೆಗಳ ಪಾಠವಿರಬೇಕೆಂದು ಸರ್ಕಾರದ ನಿಯಮ ಶಿಫಾರಸು ಮಾಡುತ್ತದೆ. ಆ ಹೊತ್ತಿಗೂ ಕೂಲಿ ಸಿಗುತ್ತದೆಯೇ, ಸಂಘದ ಚಂದಾ ಎಷ್ಟು, ಯಾವ ಕೈ ಉಪಕರಣಗಳನ್ನು ಸ್ವಂತ ಹಣದಿಂದ ಕೊಳ್ಳಬೇಕು ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.

ಮೇಜು, ಮಂಚ ಮಾಡುವ ಆಸೆಯಿಂದ ಹೋದವರಿಗೆ ನಿರಾಸೆಯಾಗಬಹುದು, ಏಕೆಂದರೆ ಇಲ್ಲಿ ಕಲಿಸುವುದು ಹೆಚ್ಚಾಗಿ ಕಾಂಕ್ರೀಟಿನ ಸೆಂಟ್ರಿಂಗ್, ಗೋಡೆಯ ಚೌಕಟ್ಟು, ಡ್ರೈವಾಲ್ (ಗೋಡೆಗೆ ಜಿಪ್ಸಮ್ ಹಲಗೆ ಕೂರಿಸುವುದು) ಮುಂತಾದ ಕಟ್ಟಡದ ಕೆಲಸಗಳನ್ನು.