ತಂಡದಿಂದ ತಂಡಕ್ಕೆ ಅಲೆದ ಡಿಫೆಂಡರ್‌ನ ದಾಖಲೆಯನ್ನು ಓದುವ ಬಗೆ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದೆಡೆ ನೆಲೆ ನಿಲ್ಲದೆ, ವರ್ಷಕ್ಕೋ ಎರಡು ವರ್ಷಕ್ಕೋ ತಂಡ ಬದಲಿಸುತ್ತ ಆಡುವವನನ್ನು ಅಲ್ಲಿಯವರು ಜರ್ನಿಮ್ಯಾನ್ ಎನ್ನುತ್ತಾರೆ. ಈ ಮಾತು ಬಂದಾಗ ಹೆಚ್ಚಿನವರಿಗೆ ನೆನಪಾಗುವವರು ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳು. ಒಂಬತ್ತು ತಂಡಗಳ ಪರವಾಗಿ ಮೊದಲ ಹನ್ನೊಂದರಲ್ಲಿ ಆಡಿದ ರಯಾನ್ ಫಿಟ್ಜ್‌ಪ್ಯಾಟ್ರಿಕ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಎದುರಾಳಿಯ ದಾಳಿಯನ್ನು ತಡೆಯುವ ಡಿಫೆಂಡರ್ ಒಬ್ಬ ಹೀಗೆ ಅಲೆದರೆ ಅದು ಸುದ್ದಿಯಾಗುವುದು ಅಪರೂಪ. ಅವನ ಹತ್ತು ವರ್ಷಗಳ ದುಡಿಮೆಯೆಲ್ಲ ದಾಖಲೆಯ ಪುಟದಲ್ಲಿ ಇಂಥ ದಿನ ಸಹಿ, ಇಂಥ ದಿನ ಬಿಡುಗಡೆ ಎಂಬ ಒಣ ಸಾಲುಗಳಾಗಿ ಉಳಿದುಬಿಡುತ್ತದೆ. ಆ ಸಾಲುಗಳಿಂದ ಮನುಷ್ಯನ ಕಥೆಯನ್ನು ಹೊರತೆಗೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ, ತಂಡಗಳ ಸಂಖ್ಯೆಯನ್ನು ಎಣಿಸುವ ಆಸೆಯನ್ನು ಬಿಡಬೇಕು. ಏಳು ತಂಡಗಳಲ್ಲಿ ಆಡಿದವನು ಎಂದರೆ ಏಳು ಕಡೆ ಬೇಡವಾದವನು ಎಂದೂ ಆಗಬಹುದು, ಏಳು ಕಡೆ ಬೇಕಾದವನು ಎಂದೂ ಆಗಬಹುದು. ಸಂಖ್ಯೆಯೊಂದೇ ಇವೆರಡರಲ್ಲಿ ಯಾವುದು ನಿಜವೆಂದು ಹೇಳುವುದಿಲ್ಲ. ಅದರ ಬದಲು ಒಂದು ಹಾಳೆಯಲ್ಲಿ ನಾಲ್ಕು ಅಂಕಣಗಳನ್ನು ಎಳೆದು, ಪ್ರತಿಯೊಂದು ಬದಲಾವಣೆಗೂ ದಿನಾಂಕ, ದಾಖಲೆಯಲ್ಲಿ ಬಳಸಿದ ಕ್ರಿಯಾಪದ, ಆಗ ಅವನಿಗಾಗಿದ್ದ ಸೇವಾವಧಿ, ಮತ್ತು ಆ ತಂಡದ ಡಿಫೆನ್ಸಿವ್ ಕೋಆರ್ಡಿನೇಟರ್‌ನ (ರಕ್ಷಣೆಯ ಹೊಣೆ ಹೊತ್ತ ಕೋಚ್‌ನ) ಹೆಸರು ಇವನ್ನು ಬರೆದುಕೊಳ್ಳಿ. ಈ ನಾಲ್ಕನೆಯ ಅಂಕಣವನ್ನು ಬಹಳ ಜನ ಬರೆಯುವುದೇ ಇಲ್ಲ; ನನ್ನ ಅನುಭವದಲ್ಲಿ ಅರ್ಧ ಕಥೆ ಅಲ್ಲಿಯೇ ಇರುತ್ತದೆ.

ದಿನಾಂಕವನ್ನು ಲೀಗ್‌ನ ಪಂಚಾಂಗದ ಮೇಲಿಟ್ಟು ನೋಡಬೇಕು. ಮಾರ್ಚ್ ಮಧ್ಯದಲ್ಲಿ ಸಹಿ ಹಾಕಿದವನನ್ನು ತಂಡ ಹುಡುಕಿಕೊಂಡು ಬಂದಿದೆ ಎಂದೇ ತಿಳಿಯಬಹುದು, ಏಕೆಂದರೆ ಒಪ್ಪಂದ ಮುಗಿದ ಆಟಗಾರರ ಮಾರುಕಟ್ಟೆ ತೆರೆಯುವುದು ಆಗಲೇ. ಜುಲೈ ಕೊನೆಯಲ್ಲೋ ಆಗಸ್ಟ್‌ನಲ್ಲೋ ಸಹಿ ಹಾಕಿದವನು ಸಾಮಾನ್ಯವಾಗಿ ತರಬೇತಿ ಶಿಬಿರದಲ್ಲಿ ಗಾಯಗೊಂಡ ಇನ್ನೊಬ್ಬನ ಜಾಗಕ್ಕೆ ಬಂದವನು. ಆಗಸ್ಟ್ ಕೊನೆಯಲ್ಲಿ ಪ್ರತಿ ತಂಡವೂ ತನ್ನ 90 ಜನರ ಪಟ್ಟಿಯನ್ನು 53ಕ್ಕೆ ಇಳಿಸಬೇಕಾಗುತ್ತದೆ. ತಂಡಗಳು 32 ಇರುವುದರಿಂದ ಸಾವಿರಕ್ಕೂ ಹೆಚ್ಚು ಮಂದಿ ಸರಿಸುಮಾರು ಒಂದೇ ಹೊತ್ತಿಗೆ ಕೆಲಸ ಕಳೆದುಕೊಳ್ಳುತ್ತಾರೆ. ಆ ವಾರದ ಬಿಡುಗಡೆಯನ್ನು ಅವಮಾನವೆಂದು ಓದಬಾರದು. ಅಕ್ಟೋಬರ್‌ನ ಬುಧವಾರವೊಂದರಲ್ಲಿ ಸಹಿ ಕಂಡುಬಂದರೆ, ಹಿಂದಿನ ಭಾನುವಾರದ ಪಂದ್ಯದಲ್ಲಿ ಆ ತಂಡದ ಯಾರಿಗೆ ಪೆಟ್ಟಾಯಿತೆಂದು ನೋಡಿ. ಆಟಗಾರರಿಗೆ ರಜೆಯಾದ ಮಂಗಳವಾರದಂದೇ ತಂಡಗಳು ಹೊರಗಿನವರನ್ನು ಕರೆಸಿ ಪರೀಕ್ಷಿಸುವ ರೂಢಿಯಿದೆ.

ಇನ್ನು ಕ್ರಿಯಾಪದಗಳು. ನಾಲ್ಕು ಋತುಗಳ ಸೇವೆ ಪೂರೈಸದ ಆಟಗಾರನನ್ನು ತಂಡ ಬಿಟ್ಟಾಗ ದಾಖಲೆಯಲ್ಲಿ ‘ವೇವ್ಡ್’ ಎಂದಿರುತ್ತದೆ. ವೇವರ್ ಎಂಬ ಈ ನಿಯಮದಂತೆ ಉಳಿದ ತಂಡಗಳಲ್ಲಿ ಯಾವುದಾದರೂ ಅವನನ್ನು ಅದೇ ಒಪ್ಪಂದದೊಂದಿಗೆ ತನ್ನದಾಗಿಸಿಕೊಳ್ಳಬಹುದು. ಒಂದಕ್ಕಿಂತ ಹೆಚ್ಚು ತಂಡಗಳು ಕೇಳಿದರೆ ಸಾಧನೆಯಲ್ಲಿ ಹಿಂದಿರುವ ತಂಡಕ್ಕೆ ಆದ್ಯತೆ. ಇಲ್ಲಿ ಆಟಗಾರನ ಇಷ್ಟಕ್ಕೆ ಬೆಲೆಯಿಲ್ಲ. ನಾಲ್ಕು ಋತು ದಾಟಿದವನಿಗೆ ‘ರಿಲೀಸ್ಡ್’ ಎಂಬ ಪದ ಬಳಕೆಯಾಗುತ್ತದೆ, ಮತ್ತು ಅವನು ಆ ಕ್ಷಣದಿಂದಲೇ ತನಗೆ ಬೇಕಾದ ಕಡೆ ಮಾತುಕತೆ ನಡೆಸಬಹುದು. ಋತುವಿನ ನಡುವೆ ಬರುವ, ತಂಡಗಳ ನಡುವಿನ ಆಟಗಾರರ ವಿನಿಮಯದ ಗಡುವು ದಾಟಿದ ಮೇಲೆ ಮಾತ್ರ ಹಿರಿಯರಿಗೂ ವೇವರ್ ನಿಯಮವೇ ಅನ್ವಯಿಸುತ್ತದೆ. ಆದ್ದರಿಂದ ವೃತ್ತಿಯ ಮೊದಲ ನಾಲ್ಕು ವರ್ಷಗಳ ಅಲೆದಾಟವನ್ನೂ ನಂತರದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯದರಲ್ಲಿ ಅವನನ್ನು ಎತ್ತಿ ಬೇರೆಡೆ ಇಟ್ಟಿರುತ್ತಾರೆ; ಎರಡನೆಯದರಲ್ಲಿ ಅವನಾಗಿಯೇ ಹೋಗಿರುವ ಸಾಧ್ಯತೆಯಿದೆ. ‘ವೇವ್ಡ್’ ಪದದ ಪಕ್ಕದಲ್ಲಿ ‘ಇಂಜುರ್ಡ್’ ಎಂದೂ ಇದ್ದರೆ, ಯಾರೂ ಕೇಳದಿದ್ದಲ್ಲಿ ಅವನು ಹಳೆಯ ತಂಡದ ಗಾಯಾಳುಗಳ ಪಟ್ಟಿಗೇ ಮರಳುತ್ತಾನೆ. ಕೆಲವೇ ದಿನಗಳಲ್ಲಿ ಮತ್ತೊಂದು ಬಿಡುಗಡೆಯ ಸಾಲು ಬಂದರೆ, ಹಣ ಕೊಟ್ಟು ಲೆಕ್ಕ ಚುಕ್ತಾ ಮಾಡಿದ್ದಾರೆಂದು ಸಾಮಾನ್ಯವಾಗಿ ಊಹಿಸಬಹುದು.

ಹೊಸಬರನ್ನು ಹೆಚ್ಚು ಗೊಂದಲಕ್ಕೆ ಕೆಡಹುವುದು ಪ್ರಾಕ್ಟೀಸ್ ಸ್ಕ್ವಾಡ್‌ನ ಸಾಲುಗಳು. ತಂಡದೊಡನೆ ಅಭ್ಯಾಸ ಮಾಡುತ್ತ ಪಂದ್ಯಕ್ಕೆ ಇಳಿಯದ ಈ ಗುಂಪಿನಲ್ಲಿ 2004ರಿಂದ ಎಂಟು ಮಂದಿಗೆ, 2014ರಿಂದ ಹತ್ತು ಮಂದಿಗೆ ಅವಕಾಶವಿತ್ತು. ಕೋವಿಡ್ ವರ್ಷವಾದ 2020ರಲ್ಲಿ ಇದು ಹದಿನಾರಕ್ಕೆ ಏರಿ ಹಾಗೆಯೇ ಉಳಿಯಿತು. ಅಷ್ಟೇ ಅಲ್ಲ, ಮೊದಲು ಎಳೆಯರಿಗೆಂದೇ ಇದ್ದ ಈ ಜಾಗದ ಒಂದು ಭಾಗ ಎಷ್ಟೇ ವರ್ಷ ಆಡಿದ ಹಿರಿಯರಿಗೂ ತೆರೆಯಿತು. ಅಲ್ಲಿಂದ ಆಟಗಾರನನ್ನು ಒಂದು ಪಂದ್ಯದ ಮಟ್ಟಿಗೆ ಮೇಲಕ್ಕೆತ್ತಿ, ಪಂದ್ಯ ಮುಗಿದೊಡನೆ ವೇವರ್ ಇಲ್ಲದೆ ಕೆಳಗಿಳಿಸುವ ವ್ಯವಸ್ಥೆಯೂ ಆಗಲೇ ಬಂತು. ಈಗ ಒಬ್ಬನಿಗೆ ಒಂದು ಋತುವಿನಲ್ಲಿ ಇದು ಮೂರು ಬಾರಿ ಸಾಧ್ಯ. ಹೀಗಾಗಿ ಇತ್ತೀಚಿನ ಡಿಫೆಂಡರ್ ಒಬ್ಬನ ಪುಟದಲ್ಲಿ ಒಂದೇ ವರ್ಷ ಹತ್ತು ಸಾಲುಗಳಿದ್ದರೂ ಅವನು ಒಂದೇ ಊರಿನಲ್ಲಿ, ಒಂದೇ ಬಾಡಿಗೆ ಮನೆಯಲ್ಲಿ ಇದ್ದಿರಬಹುದು. ಬೇರೆ ತಂಡದ ಪ್ರಾಕ್ಟೀಸ್ ಸ್ಕ್ವಾಡ್‌ನಿಂದ ಒಬ್ಬನನ್ನು ಕರೆದೊಯ್ಯುವ ತಂಡ ಅವನನ್ನು ನೇರವಾಗಿ 53ರ ಪಟ್ಟಿಗೇ ಸೇರಿಸಬೇಕೆಂಬ ನಿಯಮವಿದೆ. ಅಂಥ ಸಾಲು ಕಂಡರೆ ಕೆಳಗೆ ಗೆರೆ ಎಳೆಯಿರಿ, ಅವನ ಆಟವನ್ನು ಹೊರಗಿನವರು ಯಾರೋ ಗಮನವಿಟ್ಟು ನೋಡಿದ್ದಾರೆ.

ಈಗ ನಾಲ್ಕನೆಯ ಅಂಕಣಕ್ಕೆ ಬರೋಣ. ಜಿಮ್ ಲಿಯೊನಾರ್ಡ್ ಎಂಬ ಸೇಫ್ಟಿಯ (ರಕ್ಷಣೆಯ ಕೊನೆಯ ಸಾಲಿನಲ್ಲಿ ನಿಲ್ಲುವ ಆಟಗಾರನ) ದಾಖಲೆ ಇದಕ್ಕೆ ಒಳ್ಳೆಯ ಪಾಠ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನವಿಲ್ಲದೆ ಬಂದು 21 ಇಂಟರ್‌ಸೆಪ್ಷನ್‌ಗಳೊಂದಿಗೆ (ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಿಡಿಯುವುದು) ಅಲ್ಲಿನ ದಾಖಲೆಯನ್ನು ಸರಿಗಟ್ಟಿದರೂ, ಐದು ಅಡಿ ಎಂಟು ಅಂಗುಲದ ಈ ಆಟಗಾರನನ್ನು, ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2005ರ ಡ್ರಾಫ್ಟ್‌ನ ಏಳೂ ಸುತ್ತುಗಳಲ್ಲಿ ಯಾರೂ ಆರಿಸಲಿಲ್ಲ. ಬಫಲೋ ಬಿಲ್ಸ್‌ನಲ್ಲಿ ಮೂರು ವರ್ಷ, 2008ರಲ್ಲಿ ಬಾಲ್ಟಿಮೋರ್ ರೇವನ್ಸ್, 2009ರಿಂದ 2011ರವರೆಗೆ ನ್ಯೂಯಾರ್ಕ್ ಜೆಟ್ಸ್, 2012ರಲ್ಲಿ ಡೆನ್ವರ್ ಬ್ರಾಂಕೋಸ್, 2013ರಲ್ಲಿ ಮತ್ತೆ ಬಫಲೋ, 2014ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್. ಇಷ್ಟನ್ನೇ ಓದಿದರೆ ಗಾಳಿ ಬೀಸಿದತ್ತ ಹಾರಿದ ತರಗೆಲೆಯಂತೆ ತೋರುತ್ತದೆ. ಪಕ್ಕದ ಅಂಕಣವನ್ನು ತುಂಬಿ ನೋಡಿ. 2008ರಲ್ಲಿ ರೇವನ್ಸ್‌ನ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿದ್ದವರು ರೆಕ್ಸ್ ರಯಾನ್. ಅವರ ಕೈಕೆಳಗೆ, ರಕ್ಷಣೆಯ ನಡುಸಾಲಿನ ಲೈನ್‌ಬ್ಯಾಕರ್‌ಗಳನ್ನು ತರಬೇತುಗೊಳಿಸುತ್ತಿದ್ದವರು ಮೈಕ್ ಪೆಟೈನ್. 2009ರಲ್ಲಿ ರಯಾನ್ ಜೆಟ್ಸ್‌ನ ಮುಖ್ಯ ಕೋಚ್ ಆದರು, ಪೆಟೈನ್ ಅಲ್ಲಿ ಕೋಆರ್ಡಿನೇಟರ್ ಆದರು, ಲಿಯೊನಾರ್ಡ್ ಅದೇ ವರ್ಷ ಅಲ್ಲಿಗೆ ಹೋದ. 2013ರಲ್ಲಿ ಪೆಟೈನ್ ಬಫಲೋದ ಕೋಆರ್ಡಿನೇಟರ್, 2014ರಲ್ಲಿ ಕ್ಲೀವ್‌ಲ್ಯಾಂಡ್‌ನ ಮುಖ್ಯ ಕೋಚ್. ತರಗೆಲೆಯಂತೆ ಕಂಡಿದ್ದು ಒಂದು ಆಟದ ಪದ್ಧತಿಯ ಬೆನ್ನುಹತ್ತಿ ನಡೆದ ಪಯಣ. ಆ ಪದ್ಧತಿಯ ಸಂಜ್ಞೆಗಳನ್ನೂ ಎದುರಾಳಿಯನ್ನು ತಬ್ಬಿಬ್ಬುಗೊಳಿಸುವ ವೇಷಗಳನ್ನೂ ತಲೆಯಲ್ಲಿಟ್ಟುಕೊಂಡು, ಚೆಂಡು ಚಲಿಸುವ ಮುನ್ನ ಉಳಿದವರನ್ನು ಅವರವರ ಜಾಗದಲ್ಲಿ ನಿಲ್ಲಿಸಬಲ್ಲ ಸೇಫ್ಟಿಯನ್ನು ಹೊಸ ತಂಡ ಕಟ್ಟುವ ಕೋಚ್ ಜೊತೆಗೆ ಕರೆದೊಯ್ಯುವುದು ಸಹಜ. ಅಂಥವನು ಬಂದರೆ ಅರ್ಧ ಪಾಠ ತಾನೇ ಹೇಳಿಕೊಡುತ್ತಾನೆ.

ಡೆನ್ವರ್ ಮಾತ್ರ ಈ ಸರಣಿಗೆ ಹೊಂದುವುದಿಲ್ಲ. ಹೊಂದದ ಸಾಲು ಸಿಕ್ಕಾಗ ಗಾಯದ ಇತಿಹಾಸವನ್ನು ತೆರೆಯಬೇಕು. ಲಿಯೊನಾರ್ಡ್ 2010ರ ಡಿಸೆಂಬರ್‌ನಲ್ಲಿ ಅಭ್ಯಾಸದ ವೇಳೆ ಕಾಲು ಮುರಿದುಕೊಂಡ, 2011ರ ಡಿಸೆಂಬರ್‌ನಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡ. ಎರಡನೆಯ ಗಾಯ ಮಾಯುವ ಹೊತ್ತಿಗೆ 2012ರ ವಸಂತದ ಮಾರುಕಟ್ಟೆ ಮುಗಿದುಹೋಗಿತ್ತು. ಆಗಸ್ಟ್‌ನಲ್ಲಿ ಡೆನ್ವರ್ ಅವನನ್ನು ತೆಗೆದುಕೊಂಡಿತು. ಗಾಯ ಬಾಗಿಲು ತೆರೆಯುವುದೂ ಉಂಟು, ಬೇರೆಯವನ ಗಾಯವಾದರೆ. ಬಾಲ್ಟಿಮೋರ್‌ನಲ್ಲಿ ಲಿಯೊನಾರ್ಡ್‌ಗೆ ಮೊದಲ ಹನ್ನೊಂದರಲ್ಲಿ ಜಾಗ ಸಿಕ್ಕಿದ್ದು 2008ರ ಋತುವಿನ ಆರಂಭದಲ್ಲಿ ಡಾವನ್ ಲ್ಯಾಂಡ್ರಿ ಗಾಯಗೊಂಡಾಗ. ಲೈನ್‌ಬ್ಯಾಕರ್ ಜೇಮ್ಸ್ ಹ್ಯಾರಿಸನ್‌ನ ಕಥೆಯೂ ಇಂಥದ್ದೇ: 2002ರಲ್ಲಿ ಡ್ರಾಫ್ಟ್ ಆಗದೆ ಬಂದು, ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನಿಂದ ಹಲವು ಸಲ ಹೊರಬಿದ್ದು, ಬಾಲ್ಟಿಮೋರ್ ಮೂಲಕ ಜರ್ಮನಿಯ ರೈನ್ ಫೈರ್ ತಂಡಕ್ಕೆ ಹೋಗಿ ಆಡಿ, ಅಲ್ಲಿಂದ ಬಂದ ಮೇಲೆ ಮತ್ತೆ ಕೆಲಸ ಕಳೆದುಕೊಂಡ. 2004ರ ಬೇಸಿಗೆಯಲ್ಲಿ ಕ್ಲಾರ್ಕ್ ಹ್ಯಾಗನ್ಸ್ ಭಾರ ಎತ್ತುವಾಗ ಕೈಗೆ ಪೆಟ್ಟು ಮಾಡಿಕೊಂಡದ್ದರಿಂದ ಸ್ಟೀಲರ್ಸ್ ಹ್ಯಾರಿಸನ್‌ನನ್ನು ಪುನಃ ಕರೆಸಿತು. 2008ರಲ್ಲಿ ಅವನು ಲೀಗ್‌ನ ವರ್ಷದ ಡಿಫೆನ್ಸಿವ್ ಆಟಗಾರನಾದ. ಡ್ರಾಫ್ಟ್ ಆಗದವನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು. ಆದರೆ ಇಂಥ ಕಥೆಗಳನ್ನು ಅಳತೆಗೋಲಾಗಿ ಹಿಡಿಯಬೇಡಿ, ಇವು ಅಪವಾದಗಳು.

ದಾಖಲೆಯಲ್ಲಿ ಒಂದೆರಡು ವರ್ಷ ಖಾಲಿ ಇದ್ದರೆ ಗಡಿಯಾಚೆಗೂ ಹುಡುಕಬೇಕು. ಕ್ಯಾಮರಾನ್ ವೇಕ್ 2005ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನಿಂದ ಹೊರಬಿದ್ದು, 2007 ಮತ್ತು 2008ರಲ್ಲಿ ಕೆನಡಾದ ಲೀಗ್‌ನ ಬಿ.ಸಿ. ಲಯನ್ಸ್ ಪರ ಆಡಿ, ಎರಡೂ ವರ್ಷ ಅಲ್ಲಿನ ಅತ್ಯುತ್ತಮ ಡಿಫೆಂಡರ್ ಎನಿಸಿ, 2009ರಲ್ಲಿ ಮಯಾಮಿ ಡಾಲ್ಫಿನ್ಸ್ ಸೇರಿದ. ಎನ್‌ಎಫ್‌ಎಲ್ ಪುಟವನ್ನಷ್ಟೇ ಓದಿದವನಿಗೆ ಅವನು ಶೂನ್ಯದಿಂದ ಉದ್ಭವಿಸಿದಂತೆ ಕಂಡಾನು.

ತಂಡದ ವ್ಯೂಹವೂ ಬಿಡುಗಡೆಗೆ ಕಾರಣವಾಗುತ್ತದೆ. ಮುಂಚೂಣಿಯ ನಾಲ್ವರು ಲೈನ್‌ಮನ್ ಮತ್ತು ಮೂವರು ಲೈನ್‌ಬ್ಯಾಕರ್‌ಗಳ ವ್ಯೂಹವನ್ನು ಬಿಟ್ಟು ಮೂವರು ಮತ್ತು ನಾಲ್ವರ ವ್ಯೂಹಕ್ಕೆ ತಂಡ ಹೊರಳಿದಾಗ, ಅಂಚಿನಲ್ಲಿ ನೆಲಕ್ಕೆ ಕೈಯೂರಿ ಆಡುತ್ತಿದ್ದ ಡಿಫೆನ್ಸಿವ್ ಎಂಡ್ ಇದ್ದಕ್ಕಿದ್ದಂತೆ ನಿಂತು ಆಡುವ ಲೈನ್‌ಬ್ಯಾಕರ್ ಆಗಬೇಕಾಗುತ್ತದೆ, ಆಗದವನು ಹೊರಡುತ್ತಾನೆ. ಅವನ ಆಟ ಕೆಟ್ಟಿರುವುದಿಲ್ಲ, ಅವನ ಜಾಗವೇ ಇಲ್ಲವಾಗಿರುತ್ತದೆ.

ಅಂಕಿಗಳ ವಿಷಯದಲ್ಲಿ ಎಚ್ಚರ ಬೇಕು. ಚೆಂಡೆಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ಸ್ಯಾಕ್‌ಗಳು ಲೀಗ್‌ನ ಅಧಿಕೃತ ಲೆಕ್ಕಕ್ಕೆ ಬಂದದ್ದೇ 1982ರಲ್ಲಿ. ಚೆಂಡು ಹೊತ್ತವನನ್ನು ಕೆಡವುವ ಟ್ಯಾಕಲ್‌ಗಳ ಎಣಿಕೆ ಬರೆದುಕೊಳ್ಳುವವನ ಕಣ್ಣನ್ನು ಅವಲಂಬಿಸಿರುವುದರಿಂದ, ಎರಡು ತಂಡಗಳ ನಡುವೆ ಅದನ್ನು ಹೋಲಿಸುವುದು ಕಷ್ಟ. ಚೆಂಡು ಹಿಡಿಯಲು ಓಡುವವರನ್ನು ಕಾಯುವ ಕಾರ್ನರ್‌ಬ್ಯಾಕ್‌ನ ಅಂಕಿಗಳು ಸಪ್ಪೆಯಾಗಿದ್ದರೆ, ಅವನತ್ತ ಚೆಂಡೆಸೆಯಲು ಎದುರಾಳಿ ಹಿಂಜರಿದದ್ದೂ ಕಾರಣವಿರಬಹುದು. ನನಗೆ ಹೆಚ್ಚು ನಂಬಿಕೆಯಿರುವುದು 2012ರಿಂದೀಚೆಗೆ ಸಾರ್ವಜನಿಕವಾಗಿ ಸಿಗುವ ಸ್ನ್ಯಾಪ್ ಎಣಿಕೆಯಲ್ಲಿ, ಎಂದರೆ ಪಂದ್ಯದಲ್ಲಿ ಚೆಂಡು ಚಲಿಸಿದ ಎಷ್ಟು ಸರದಿಗಳಿಗೆ ಅವನು ಮೈದಾನದಲ್ಲಿದ್ದ ಎಂಬುದರಲ್ಲಿ. ಅದರಲ್ಲಿ ಸ್ಪೆಷಲ್ ಟೀಮ್ಸ್‌ನ ಭಾಗವನ್ನು ಬೇರ್ಪಡಿಸಿ ನೋಡಿ. ಚೆಂಡನ್ನು ಎದುರಾಳಿಯತ್ತ ಒದೆಯುವ ಪಂಟ್ ಮತ್ತು ಕಿಕ್‌ಆಫ್‌ಗಳಲ್ಲಿ ಓಡಿ ಹೋಗಿ ಚೆಂಡು ಹೊತ್ತವನನ್ನು ಹಿಡಿಯುವ ಕೆಲಸವೇ ಪಟ್ಟಿಯ ಕೊನೆಯ ಲೈನ್‌ಬ್ಯಾಕರ್‌ಗೂ ನಾಲ್ಕನೆಯ ಸೇಫ್ಟಿಗೂ ಅನ್ನ ಕೊಡುತ್ತದೆ. ಡಿಫೆನ್ಸ್‌ನಲ್ಲಿ ಮೂವತ್ತು ಸ್ನ್ಯಾಪ್ ಮಾತ್ರ ಆಡಿದವನು ಇಡೀ ಋತು ತಂಡದಲ್ಲಿ ಉಳಿದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ.

ಹಣದ ಬಗ್ಗೆ ಎರಡು ಮಾತು ಸಾಕು. 2025ರಲ್ಲಿ ಹೊಸಬನ ಕನಿಷ್ಠ ಸಂಬಳ 8,40,000 ಡಾಲರ್, ಏಳು ವರ್ಷ ದಾಟಿದವನದು 12,55,000 ಡಾಲರ್. ಹಿರಿಯನು ದುಬಾರಿಯೆಂದು ತಂಡಗಳು ಹಿಂಜರಿಯಬಾರದೆಂದು, ಕನಿಷ್ಠ ಸಂಬಳದ ಒಂದು ವರ್ಷದ ಒಪ್ಪಂದದಲ್ಲಿ ಎರಡು ವರ್ಷ ಆಡಿದವನ ಸಂಬಳದಷ್ಟನ್ನೇ ತಂಡದ ವೆಚ್ಚಮಿತಿಗೆ ಹಿಡಿಯುವ ಅವಕಾಶವಿದೆ. ಇನ್ನೊಂದು, ಹಿರಿಯ ಆಟಗಾರ ಮೊದಲ ವಾರದ ಪಟ್ಟಿಯಲ್ಲಿದ್ದರೆ ಅವನ ಆ ವರ್ಷದ ಸಂಬಳ ಬಹುಮಟ್ಟಿಗೆ ಖಾತ್ರಿಯಾಗುತ್ತದೆ. ಆದ್ದರಿಂದಲೇ ಕೆಲವು ತಂಡಗಳು ಆ ವಾರ ಅವನನ್ನು ಬಿಟ್ಟು ಎರಡನೆಯ ವಾರ ಮತ್ತೆ ಸಹಿ ಹಾಕಿಸಿಕೊಳ್ಳುತ್ತವೆ. ಸೆಪ್ಟೆಂಬರ್‌ನಲ್ಲಿ ಹೀಗೊಂದು ಜೋಡಿ ಸಾಲು ಕಂಡರೆ ಅದನ್ನು ಜಗಳವೆಂದು ಭಾವಿಸಬೇಡಿ.

ಕೊನೆಯ ಸಾಲನ್ನು ಗುರುತಿಸುವುದು ಎಲ್ಲಕ್ಕಿಂತ ಕಷ್ಟ. ಇಂಥ ಆಟಗಾರರಲ್ಲಿ ಹಲವರು ನಿವೃತ್ತಿ ಘೋಷಿಸುವುದಿಲ್ಲ. ಆಗಸ್ಟ್‌ನ ಬಿಡುಗಡೆಯ ನಂತರ ಮುಂದಿನ ಸಾಲು ಬರುವುದೇ ಇಲ್ಲ. ಆಗ ನಿವೃತ್ತಿಯ ವರ್ಷವನ್ನು ನೀವೇ ಕಲ್ಪಿಸಿ ಬರೆಯದೆ, ಕೊನೆಯ ಪಂದ್ಯದ ದಿನವನ್ನೂ ಕೊನೆಯ ಬಿಡುಗಡೆಯ ದಿನವನ್ನೂ ಬೇರೆ ಬೇರೆಯಾಗಿ ದಾಖಲಿಸಿ. ನಂತರ ಕಾಲೇಜು ತಂಡಗಳ ತರಬೇತುದಾರರ ಪಟ್ಟಿಗಳನ್ನು ಒಮ್ಮೆ ನೋಡಿ: ಹತ್ತು ಋತುಗಳ ಬಳಿಕ ಆಟ ನಿಲ್ಲಿಸಿದ ಲಿಯೊನಾರ್ಡ್ 2017ರಲ್ಲಿ ವಿಸ್ಕಾನ್ಸಿನ್‌ನ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿ, ಯಾರಾದರೂ ಬರೆಯಬಹುದಾದ ಹಾಳೆಯೊಂದರ ನಾಲ್ಕನೆಯ ಅಂಕಣಕ್ಕೆ ತಾನೇ ಸೇರಿದ್ದ.