ಮಾರ್ಮನ್ ಓದುಗರಿಗೆ ಅತಿಥಿಯಾಗಿ ಬರೆಯುವುದು ಹೇಗೆ

ಅಮೆರಿಕದ ಯೂಟಾ ರಾಜ್ಯದ ಓರೆಮ್‌ಗೆ ನಾವು ಬಂದು ಹನ್ನೊಂದು ವರ್ಷವಾಯಿತು. ನಮ್ಮ ಬೀದಿಯಲ್ಲಿ ಜಾಸ್ತಿ ಮನೆಗಳು ಮಾರ್ಮನ್ನರವೇ. ಯೇಸು ಕ್ರಿಸ್ತರನ್ನು ನಂಬುವ, ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಲ್ಲೇ ಹುಟ್ಟಿದ ಪಂಥದವರು ಇವರು. ಎರಡು ವರ್ಷದ ಹಿಂದೆ ಪಕ್ಕದ ಮನೆಯವರು ಬಂದು, ಮಾರ್ಮನ್ ಹೆಂಗಸರೇ ಸೇರಿ ತರುವ ಒಂದು ಸಣ್ಣ ಪತ್ರಿಕೆಗೆ ಬರೆದು ಕೊಡುತ್ತೀರಾ ಎಂದು ಕೇಳಿದರು. ನಾನು ಮೂಡಿಗೆರೆ ಕಡೆಯವಳು, ಇಲ್ಲೂ ದಿನಾ ದೇವರಿಗೆ ದೀಪ ಹಚ್ಚುವವಳು. ಹೊರಗಿನವರು ತಮ್ಮನ್ನು ಹೇಗೆ ನೋಡುತ್ತಾರೆ ಎಂದು ತಿಳಿಯುವುದೇ ಅವರಿಗೆ ಬೇಕಿತ್ತು. ಆಮೇಲೆ ನನ್ನ ಕನ್ನಡದ ಗೆಳತಿಯರಲ್ಲೂ ಇಬ್ಬರಿಗೆ ಇಂಥದ್ದೇ ಕರೆ ಬಂತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬರೆಯಲು ಕೂರುವ ಮೊದಲು ಹಳೆಯ ಸಂಚಿಕೆ ನಾಲ್ಕಾದರೂ ಓದಿ. ಈ ಜನಕ್ಕೆ ಬರೆಯುವ ಅಭ್ಯಾಸ ಇವತ್ತಿನದಲ್ಲ. 1872ರಲ್ಲೇ ಸಾಲ್ಟ್ ಲೇಕ್ ಸಿಟಿಯ ಹೆಂಗಸರು 'ವುಮನ್ಸ್ ಎಕ್ಸ್‌ಪೋನೆಂಟ್' ಎಂಬ ಪತ್ರಿಕೆ ಶುರು ಮಾಡಿದ್ದರು. ಅದು 1914ರವರೆಗೆ ನಡೆಯಿತು. 1974ರಲ್ಲಿ ಮ್ಯಾಸಚೂಸೆಟ್ಸ್‌ನ ಮಾರ್ಮನ್ ಹೆಂಗಸರು ಅದರ ನೆನಪಿಗೆ 'ಎಕ್ಸ್‌ಪೋನೆಂಟ್ ಟೂ' ಎಂದು ಹೊಸದೊಂದು ತಂದರು. ಅನೇಕ ಮನೆಗಳಲ್ಲಿ ಮುತ್ತಜ್ಜಿಯ ದಿನಚರಿಯನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಹೀಗಾಗಿ ಸ್ವಂತ ಅನುಭವದ ಬರಹ ಓದಿ ಪಳಗಿದವರು ಅವರು. ಸುಮ್ನೆ ಹೊಗಳಿ ಬರೆದರೆ ಮೊದಲ ಪ್ಯಾರಾದಲ್ಲೇ ಗೊತ್ತಾಗಿಬಿಡುತ್ತದೆ.

ಆಮೇಲೆ ಪದಗಳು. ನಾನು ಎಡವಿದ್ದು ಇಲ್ಲೇ. ಬೀದಿ ಕೊನೆಯಲ್ಲಿ ಭಾನುವಾರ ಅವರೆಲ್ಲ ಸೇರುವ ಕಟ್ಟಡವನ್ನು ಮೊದಲ ಕರಡಿನಲ್ಲಿ 'ಟೆಂಪಲ್' ಎಂದು ಬರೆದಿದ್ದೆ. ಅದು ಸಭಾಮಂದಿರ, ಯಾರು ಬೇಕಾದರೂ ಹೋಗಿ ಕೂರಬಹುದು. ಟೆಂಪಲ್ ಬೇರೆಯೇ. ಅದು ಭಾನುವಾರ ತೆರೆಯುವುದೇ ಇಲ್ಲ. ಒಳಗಿನ ವಿಧಿಗಳಿಗೆ ಅನುಮತಿ ಚೀಟಿ ಪಡೆದ ಸದಸ್ಯರು ಮಾತ್ರ ಹೋಗುತ್ತಾರೆ. ಸಾಲ್ಟ್ ಲೇಕ್‌ನ ಟೆಂಪಲ್ ಕಟ್ಟಲು 1853ರಿಂದ 1893ರವರೆಗೆ ನಲವತ್ತು ವರ್ಷ ಹಿಡಿಯಿತು. ಬೆಂಗಳೂರಿಗೂ ಒಂದು ಟೆಂಪಲ್ ಎಂದು 2018ರಲ್ಲಿ ಘೋಷಣೆಯಾದಾಗ ನಮ್ಮ ಬೀದಿಯವರು ನನಗೇ ಬಂದು ಶುಭಾಶಯ ಹೇಳಿದ್ದರು! ಟೆಂಪಲ್ ಒಳಗಿನ ವಿಧಿಗಳ ಬಗ್ಗೆ ಅವರು ಹೊರಗೆ ಮಾತಾಡುವುದಿಲ್ಲ. ನೀವೂ ಕೆದಕಬೇಡಿ.

'ವಾರ್ಡ್' ಎಂದರೆ ಸುತ್ತಲಿನ ಬೀದಿಗಳವರು ಸೇರಿದ ಒಂದು ಸಭೆ. ಅದನ್ನು ನೋಡಿಕೊಳ್ಳುವ 'ಬಿಷಪ್' ಸಂಬಳದ ಪಾದ್ರಿಯಲ್ಲ. ವಾರವೆಲ್ಲ ತನ್ನ ಕೆಲಸಕ್ಕೆ ಹೋಗಿ ಬರುವ ಒಬ್ಬ ನೆರೆಯವರೇ. ಇನ್ನು 'ಮಾರ್ಮನ್' ಎಂಬ ಹೆಸರು. 2018ರಲ್ಲಿ ಅವರ ಇಡೀ ಚರ್ಚ್‌ನ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ ಆ ಅಡ್ಡಹೆಸರು ಬಿಟ್ಟು, ಯೇಸು ಕ್ರಿಸ್ತರ ಹೆಸರಿರುವ ಚರ್ಚ್‌ನ ಪೂರ್ತಿ ಹೆಸರನ್ನೇ ಬಳಸಿ ಎಂದು ಕೇಳಿಕೊಂಡರು. ಕೆಲವರು ಈಗಲೂ ಹಳೆಯ ಹೆಸರನ್ನು ಪ್ರೀತಿಯಿಂದ ಹೇಳುತ್ತಾರೆ, ಕೆಲವರಿಗೆ ನೋವಾಗುತ್ತದೆ. ಸಂಪಾದಕರನ್ನು ಕೇಳಿಯೇ ಬರೆಯಿರಿ.

ವಿಷಯ ಯಾವುದು? ದಯವಿಟ್ಟು ಅವರ ಧರ್ಮವನ್ನು ಅವರಿಗೇ ವಿವರಿಸಲು ಹೋಗಬೇಡಿ. ಬಹುಪತ್ನಿತ್ವದ ಮಾತೂ ಬೇಡ. 1890ರಲ್ಲೇ ಅದನ್ನು ಬಿಡುವುದಾಗಿ ಪ್ರಕಟಣೆ ಹೊರಡಿಸಿದವರು, ಹೊರಗಿನವರಿಂದ ಅದನ್ನೇ ಕೇಳಿ ಕೇಳಿ ದಣಿದಿದ್ದಾರೆ. ನಿಮ್ಮ ಕಣ್ಣೆದುರು ನಡೆದ ಒಂದೇ ಒಂದು ಸಣ್ಣ ಸಂಗತಿ ಹಿಡಿಯಿರಿ. ನಾನು ಬರೆದದ್ದು ಒಂದು ಲೋಟ ಕಷಾಯದ ಬಗ್ಗೆ. ಪಕ್ಕದ ಮನೆಯವರು ಮೊದಲ ಸಲ ಬಂದಾಗ ಫಿಲ್ಟರ್ ಕಾಫಿ ಕೊಟ್ಟೆ. ಅವರು ಲೋಟ ಮುಟ್ಟಲಿಲ್ಲ. ನಮ್ಮ ಮನೆಯದು ಬೇಡವೇನೋ ಎಂದು ರಾತ್ರಿಯೆಲ್ಲ ಬೇಜಾರು. ಆಮೇಲೆ ತಿಳಿಯಿತು, ಕಾಫಿ, ಟೀ, ಮದ್ಯ, ತಂಬಾಕು ಅವರಿಗೆ ವರ್ಜ್ಯ ಎಂದು. ಮುಂದಿನ ಸಲ ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ, ಹಾಲು ಬೆಲ್ಲ ಹಾಕಿ ಕಷಾಯ ಕೊಟ್ಟೆ. ಎರಡು ಲೋಟ ಕುಡಿದರು. ಮರುವರ್ಷ ಊರಲ್ಲಿ ನಮ್ಮಪ್ಪ ತೀರಿಕೊಂಡರು, ನನಗೆ ಹೋಗಲಾಗಲಿಲ್ಲ. ಆ ಸಂಜೆ ಅವರು ತಟ್ಟೆ ಹಿಡಿದು ಬಂದರು. ಸಾವಾದ ಮನೆಗೆ ಇಲ್ಲಿನ ಹೆಂಗಸರು ಮಾಡಿಕೊಡುವ, ಚೀಸ್ ಹಾಕಿ ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿದ ಆಲೂಗಡ್ಡೆ. ಅದಕ್ಕೆ ಸಾಮಾನ್ಯವಾಗಿ ಕೋಳಿ ಸೂಪ್ ಹಾಕುತ್ತಾರೆ. ನಾವು ತಿನ್ನುವುದಿಲ್ಲ ಎಂದು ನೆನಪಿಟ್ಟುಕೊಂಡು ಅಣಬೆ ಸೂಪ್ ಹಾಕಿ ತಂದಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ಅವರಿಗೆ ಯಾರು ಹೇಳಿಕೊಟ್ಟರೋ ಎಂದು ಅತ್ತುಬಿಟ್ಟೆ. ಲೇಖನದಲ್ಲಿ ಇದ್ದದ್ದು ಇಷ್ಟೇ.

ಎರಡು ಧರ್ಮಗಳ ಹೋಲಿಕೆ ತರಲೇಬೇಕಾದರೆ ವ್ಯತ್ಯಾಸವನ್ನೂ ಹೇಳಿ. ತಿಂಗಳ ಮೊದಲ ಭಾನುವಾರ ಅವರು ಉಪವಾಸ ಮಾಡುತ್ತಾರೆ. ನಮ್ಮ ಏಕಾದಶಿ ಥರ ಎಂದು ಬರೆದು ನಿಲ್ಲಿಸಬೇಡಿ. ನಾವು ಅವಲಕ್ಕಿ ತಿನ್ನುತ್ತೇವೆ, ಅವರು ನೀರೂ ಮುಟ್ಟದೆ ಎರಡು ಹೊತ್ತು ಬಿಟ್ಟು, ಉಳಿದ ಊಟದ ದುಡ್ಡನ್ನು ಬಡವರಿಗೆಂದು ಕೊಡುತ್ತಾರೆ. ಓದುಗರು ಮೆಚ್ಚುವುದು ಈ ವಿವರವನ್ನು.

ಒಪ್ಪಿಗೆಯ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ. ವಾರ್ಡ್ ಸಣ್ಣದು, ಎಲ್ಲರಿಗೂ ಎಲ್ಲರೂ ಗೊತ್ತು. ಹೆಸರು ಬದಲಿಸಿದರೂ 'ಮೂರು ಮಕ್ಕಳ, ಹಸಿರು ಬಾಗಿಲಿನ ಮನೆ' ಎಂದರೆ ಸಾಕು, ಗುರುತು ಸಿಕ್ಕಿತು. ನಾನು ಪೂರ್ತಿ ಲೇಖನವನ್ನು ಪಕ್ಕದ ಮನೆಯವರ ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಅವರ ಮಗ ಸಭೆಗೆ ಹೋಗುವುದನ್ನು ಬಿಟ್ಟ ಬಗ್ಗೆ ಒಂದು ಸಾಲಿತ್ತು. ಅವರು ಏನೂ ಹೇಳಲಿಲ್ಲ, ಕಿಟಕಿ ಕಡೆ ನೋಡಿದರು. ಅಲ್ಲೇ ಕೂತು ಆ ಸಾಲು ಹೊಡೆದುಹಾಕಿದೆ. ಲೇಖನಕ್ಕೆ ಅದೇ ಒಳ್ಳೆಯ ಸಾಲಾಗಿತ್ತು, ಆದರೂ ಸರಿ.

ನೀವು ಆ ಸಭೆಯವರಲ್ಲ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಸಂಪಾದಕರಿಗೆ ಸೋಮವಾರ ಸಂಜೆ ಫೋನ್ ಮಾಡಬೇಡಿ, ಅದು ಅವರು ಮನೆಮಂದಿ ಜೊತೆ ಕೂರುವ ಹೊತ್ತು. ಅಚ್ಚಾದ ಮೇಲೆ ಯಾರಾದರೂ ಭಾನುವಾರ ಸಭೆಗೆ ಬನ್ನಿ ಎಂದು ಕರೆಯಬಹುದು. ಮನಸ್ಸಿದ್ದರೆ ಹೋಗಿ, ಇಲ್ಲದಿದ್ದರೆ ನಗುತ್ತಾ ಬೇಡ ಎನ್ನಿ. ನಾನು ಬೇಡ ಎಂದಿದ್ದಕ್ಕೆ ಯಾರೂ ಮುಖ ತಿರುಗಿಸಲಿಲ್ಲ.

ಎರಡು ಪ್ರತಿ ಕೇಳಿ ತೆಗೆದುಕೊಳ್ಳಿ. ಒಂದು, ನೀವು ಯಾರ ಬಗ್ಗೆ ಬರೆದಿರೋ ಅವರಿಗೆ. ನಮ್ಮ ಪಕ್ಕದ ಮನೆಯವರು ಆ ಪುಟ ಕತ್ತರಿಸಿ ತಮ್ಮ ದಿನಚರಿಯಲ್ಲಿ ಅಂಟಿಸಿಕೊಂಡಿದ್ದಾರೆ. ಪಕ್ಕದಲ್ಲಿ ಕಷಾಯದ ಅಳತೆಯನ್ನೂ ಬರೆದಿಟ್ಟಿದ್ದಾರೆ.